ಸೂಜಿಯ ತುದಿ

ಹನ್ನೊಂದು ಗಂಟೆಗೆ ಲಾರಿ ಹೊರಡಬೇಕು ಎಂದು ಸೂಪರ್‌ವೈಸರ್ ಮುನಿರಾಜ್ ಮೂರನೆಯ ಸಲ ಕೂಗಿ ಹೋದ. ಇನ್ನಾಸಮ್ಮನ ಕೈ ಹೊಲಿಗೆ ಮೆಷಿನ್ನಿನ ಮೇಲಿತ್ತು; ಕಣ್ಣು ಮಾತ್ರ ಬಾಗಿಲ ಬಳಿ ಪೇರಿಸಿಟ್ಟ ಎಂಟು ಪೆಟ್ಟಿಗೆಗಳ ಮೇಲೆ. ಒಳಗೆಲ್ಲ ಬಿಳಿ ಫ್ರಾಕು, ಇನ್ನೂ ಹಲ್ಲು ಬಾರದ ಕೂಸುಗಳಿಗೆ ತೊಡಿಸುವಂಥವು.

ಬಾಶೆಟ್ಟಿಹಳ್ಳಿಯ ಆ ಗಾರ್ಮೆಂಟ್ಸಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ರಿಜಿಸ್ಟರಿನಲ್ಲಿ ಅಂಟಿಸಬೇಕು, ಆಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಹೊಲಿದ ಬಟ್ಟೆಯನ್ನೆಲ್ಲ ತಡೆಹಿಡಿದು ತಡಕುತ್ತಾರೆ. ಗುರುವಾರ ಸಂಜೆ ಕೆಲಸ ಬಿಡಲು ಕಾಲು ಗಂಟೆ ಇರುವಾಗ ಇನ್ನಾಸಮ್ಮನ ಸೂಜಿ ಮುರಿಯಿತು. ತುದಿ ಸಿಗಲಿಲ್ಲ. ಅವತ್ತು ಪವಿತ್ರ ಗುರುವಾರ. ಪ್ರಭು ತನ್ನ ಶಿಷ್ಯರ ಪಾದ ತೊಳೆದ ನೆನಪಿಗೆ ಚರ್ಚಿನಲ್ಲಿ ಗುರುಗಳು ಪಾದ ತೊಳೆಯುವ ಹನ್ನೆರಡು ಜನರಲ್ಲಿ ಈ ವರ್ಷ ಮೊದಲ ಬಾರಿಗೆ ಅವಳ ಹೆಸರಿತ್ತು. ಹುಡುಕುತ್ತ ಕೂತರೆ ಪೂಜೆ ತಪ್ಪುತ್ತದೆ. ಹಿಂದೆಂದೋ ಮುರಿದು ಗುಂಡಿ ಡಬ್ಬಿಯಲ್ಲಿ ಉಳಿದಿದ್ದ ಹಳೆಯ ತುದಿಯೊಂದನ್ನು ಅಂಟಿಸಿ, ಸಹಿ ಹಾಕಿ, ಬಸ್ಸು ಹಿಡಿದಳು.

ಗುರುಗಳು ಅವಳ ಬಲಗಾಲಿಗೆ ನೀರೆರೆದು, ಒರೆಸಿ, ಬಗ್ಗಿ ಮುತ್ತಿಟ್ಟರು. ಕಾಲು ತಣ್ಣಗಾಯಿತು, ಎದೆ ಆಗಲಿಲ್ಲ. ಭಾನುವಾರ ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಪೂಜೆಯಲ್ಲಿ ಪಿಶಾಚಿಯನ್ನು ತೊರೆಯುತ್ತೀರಾ ಎಂದು ಗುರುಗಳು ಕೇಳಿದಾಗ ಎಲ್ಲರ ಜೊತೆ ತೊರೆಯುತ್ತೇನೆ ಎಂದಳು. ಕೊಂಬಿರುವ ಪಿಶಾಚಿಯನ್ನು ತೊರೆಯುವುದು ಸುಲಭ. ಅರ್ಧ ಅಕ್ಕಿಕಾಳಿನಷ್ಟು ಉಕ್ಕಿನ ಚೂರಾದರೆ ಕಷ್ಟ.

ಚೂರು ಪತ್ತೆ ಮಾಡುವ ಮೆಷಿನ್ನೂ ಒಂದು ವಾರದಿಂದ ಕೆಟ್ಟು ಕೂತಿತ್ತು. ರಿಜಿಸ್ಟರಿನಲ್ಲಿ ಸೂಜಿ ಪೂರ್ತಿ ಇದೆಯಲ್ಲ ಎಂದು ಪೆಟ್ಟಿಗೆಗಳನ್ನು ಮುಚ್ಚಿದ್ದರು.

ಪಕ್ಕದ ಮೆಷಿನ್ನಿನ ಮುತ್ತಮ್ಮನಿಗೆ ಈ ಸೋಮವಾರ ಬೆಳಗ್ಗೆಯೇ ಇನ್ನಾಸಮ್ಮ ಎಲ್ಲವನ್ನೂ ಹೇಳಿದ್ದಳು. ಮುತ್ತಮ್ಮ ಈಗ ತಲೆ ಎತ್ತದೆ ಹೇಳಿದಳು: "ಸುಮ್ಕಿರೇ. ಕಸದ ಜೊತೆ ಹೋಗಿರ್ತೈತೆ. ಸುಳ್ಳು ಅಂಟಿಸಿದ್ದು ಗೊತ್ತಾದ್ರೆ ಕೆಲ್ಸದಲ್ಲಿ ಇಟ್ಕೋತಾರಾ ನಿನ್ನ? ಎಲ್ಲಾ ಬಿಚ್ಚಿ ಹುಡುಕ್ತಾ ಕೂತ್ರೆ ನಮ್ಗೂ ಇವತ್ತು ಸಂಜೆ ಮನೆ ಇಲ್ಲ."

ಹದಿನಾಲ್ಕು ವರ್ಷದ ಕೆಲಸ. ಇನ್ನಾಸಮ್ಮನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಹೊರಗೆ ಲಾರಿಯ ಹಿಂಬಾಗಿಲು ತೆರೆದ ಸದ್ದಾಯಿತು. ಮೊದಲ ಪೆಟ್ಟಿಗೆಯನ್ನು ಎತ್ತಿದಾಗ ಅವಳು ಎದ್ದು ನಿಂತಳು.

"ಸಾರ್, ಇಳಿಸ್ಬಿಡಿ. ಗುರುವಾರ ನಾನು ಅಂಟಿಸಿದ್ದು ಹಳೇ ತುದಿ. ಮುರಿದಿದ್ದು ಈ ಫ್ರಾಕುಗಳಲ್ಲೇ ಇರ್ಬೋದು."

ಮುನಿರಾಜ್ ಬೈಯಲಿಲ್ಲ, ಅದೇ ಹೆಚ್ಚು ಹೆದರಿಸಿತು. ಅವಳ ಕೊರಳಿನ ಗುರುತಿನ ಚೀಟಿಯನ್ನು ಕೇಳಿ ಇಸಿದುಕೊಂಡ. "ಗುರುವಾರಾನೇ ಹೇಳಿದ್ರೆ ಒಂದ್ ಗಂಟೆ ಕೆಲ್ಸ ಕಣಮ್ಮ," ಎಂದು, ಹುಡುಕಿ ಮುಗಿದ ಮೇಲೆ ಆಫೀಸಿಗೆ ಬರಲು ಹೇಳಿ ಫೋನು ಹಿಡಿದು ಆಚೆ ಹೋದ.

ಎಂಟೂ ಪೆಟ್ಟಿಗೆಗಳನ್ನು ಬಿಚ್ಚಿ ಮೇಜಿನ ಮೇಲೆ ಸುರಿದರು. ಇದ್ದದ್ದು ಎರಡೇ ಅಯಸ್ಕಾಂತ. ಉಳಿದವರು ಹೊಲಿಗೆ ಹೊಲಿಗೆಯನ್ನೂ ಬೆರಳಲ್ಲಿ ಒತ್ತಿ ನೋಡಬೇಕು. ಇಪ್ಪತ್ತು ಹೆಂಗಸರು, ಒಬ್ಬರೂ ಅವಳ ಮುಖ ನೋಡಲಿಲ್ಲ. ಇವಳು ಮಾಡುವ ಪುಣ್ಯಕ್ಕೆ ಊರಿಗೆಲ್ಲ ಉಪವಾಸ ಎಂದು ಹಿಂದಿನಿಂದ ಯಾರೋ ಗೊಣಗಿದರು. ಹಬ್ಬದ ಮಾರನೆಯ ದಿನ ಲೈನಿನವರಿಗೆಲ್ಲ ಕೊಡಲು ಅವಳು ತಂದಿದ್ದ ಕಜ್ಜಾಯದ ಡಬ್ಬಿ ಮೇಜಿನ ತುದಿಯಲ್ಲಿ ಹಾಗೇ ಇತ್ತು. ಊಟದ ಬಿಡುವಿನಲ್ಲೂ ಅದನ್ನು ಯಾರೂ ಮುಟ್ಟಲಿಲ್ಲ. ಇನ್ನಾಸಮ್ಮನಿಗೆ ಅಳು ಬಂತು, ಅವಮಾನವೂ ಆಯಿತು. ತುದಿ ಸಿಗದೇ ಹೋದರೆ ಸುಮ್ಮನೆ ಎಲ್ಲರನ್ನೂ ನೋಯಿಸಿದಂತಾಯಿತಲ್ಲ ಎಂದು ಒತ್ತಿ ನೋಡಿದ ಹೊಲಿಗೆಯನ್ನೇ ಮತ್ತೆ ಒತ್ತಿದಳು.

ನಾಲ್ಕು ಗಂಟೆ ಹೊತ್ತಿಗೆ ಆರು ಪೆಟ್ಟಿಗೆಯಷ್ಟು ಮುಗಿದಿತ್ತು. ಎದುರು ಕೂತಿದ್ದ ಮುತ್ತಮ್ಮ ಮುಂದಿನ ರಾಶಿಗೆ ಕೈ ಹಾಕಿದಳು. ಒಂದು ಫ್ರಾಕಿನ ಕುತ್ತಿಗೆಯ ಮಡಿಕೆಯನ್ನು ಒತ್ತುತ್ತಿದ್ದವಳು ಚುರುಕ್ಕೆಂದು ಕೈ ಎಳೆದುಕೊಂಡಳು. ಮಡಿಕೆಯಲ್ಲಿ ಸೂಜಿಯ ತುದಿ ಇಣುಕಿತ್ತು; ಬೆರಳ ತುದಿಯಲ್ಲಿ ಒಂದು ಹನಿ ರಕ್ತ ಮೂಡಿತು. ಅವಳು ಅದನ್ನು ನೋಡಿದಳು, ಅಂಗೈಯಗಲದ ಆ ಕುತ್ತಿಗೆಯನ್ನು ನೋಡಿದಳು. ಅವಳ ಮೊಮ್ಮಗಳಿಗೆ ಐದು ತಿಂಗಳು.

ತುದಿ ಸಿಕ್ಕ ಸುದ್ದಿ ಮುಟ್ಟಿದ್ದೇ ಮುನಿರಾಜ್ ಆಫೀಸಿನ ಬಾಗಿಲಲ್ಲಿ ನಿಂತು ಇನ್ನಾಸಮ್ಮನ ಹೆಸರು ಕರೆದ. ಅವಳು ಸೆರಗು ಸರಿಮಾಡಿಕೊಂಡು ಎದ್ದಳು.

"ತಡಿ," ಎಂದಳು ಮುತ್ತಮ್ಮ. ರಕ್ತದ ಬೆರಳನ್ನು ಬಿಳಿ ಬಟ್ಟೆಗೆ ತಾಗದಂತೆ ದೂರ ಹಿಡಿದು, ಇನ್ನೊಂದು ಕೈಯಿಂದ ಡಬ್ಬಿಯ ಮುಚ್ಚಳ ತೆಗೆದು, ಒಂದು ಕಜ್ಜಾಯ ಬಾಯಿಗಿಟ್ಟುಕೊಂಡಳು. ಆಮೇಲೆ ಡಬ್ಬಿಯನ್ನು ಪಕ್ಕದವಳ ಕಡೆಗೆ ತಳ್ಳಿದಳು.