ಒಗೆಯಬಾರದ ಬಟ್ಟೆ

ಕಲೆ ತೆಗೆಯುವುದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲಿರಲಿ, ಆಚೆ ಬೀದಿಯಲ್ಲೂ ಇರಲಿಲ್ಲ. ಗ್ರೀಸು, ತುಕ್ಕು, ಶಾಯಿ, ರಕ್ತ, ಏನನ್ನೇ ತನ್ನಿ, ಲಾಂಡ್ರಿಯ ಯಜಮಾನ ಅದನ್ನು ದೀಪದ ಕೆಳಗೆ ಹಿಡಿದು, ಉಗುರಿನಲ್ಲಿ ಒಮ್ಮೆ ಕೆರೆದು, ಕೊನೆಗೆ ಮೂಗಿನ ಹತ್ತಿರ ತರುತ್ತಿದ್ದ. ಕಣ್ಣಿಗೆ ಕಾಣುವ ಕೊಳೆಯನ್ನು ಯಾರು ಬೇಕಾದರೂ ತೆಗೆಯುತ್ತಾರೆ, ಮೂಗಿಗೆ ಸಿಗುವ ಕೊಳೆ ತೆಗೆದವನೇ ಗಂಡಸು ಅನ್ನುವುದು ಅವನ ಮಾತು. ಗಿರಾಕಿಗಳು ಸುಮ್ಮನೆ ಬಟ್ಟೆ ಕೊಟ್ಟು ಹೋಗುವವರಲ್ಲ. ಬಿಸಿನೀರಿಗೆ ಹಾಕಬೇಡಿ, ಉಜ್ಜಬೇಡಿ, ಹಿಂಡಬೇಡಿ ಎಂದು ಹತ್ತು ಹೇಳುತ್ತಿದ್ದರು. ಅವನು ಹತ್ತಕ್ಕೂ ತಲೆಯಾಡಿಸುತ್ತಿದ್ದ. ಅವರ ಬೆನ್ನು ಮರೆಯಾದ ಮೇಲೆ ತನಗೆ ಸರಿ ಕಂಡದ್ದನ್ನು ಮಾಡುತ್ತಿದ್ದ. ಬಟ್ಟೆ ಫಳಫಳ ಹೊಳೆಯುತ್ತ ವಾಪಸು ಬಂದರೆ ಯಾರು ತಾನೇ ತಗಾದೆ ತೆಗೆಯುತ್ತಾರೆ? ಹೀಗೆ ವರ್ಷಗಟ್ಟಲೆ ತಲೆಯಾಡಿಸಿ ತಲೆಯಾಡಿಸಿ, ಅವನ ಕಿವಿಗೂ ಕೈಗೂ ಮಾತೇ ಬಿಟ್ಟುಹೋಗಿತ್ತು.

ಅಂಗಡಿ ಕೆಳಗೆ, ಮನೆ ಮೇಲೆ. ಮೊದಲೆಲ್ಲ ಕೌಂಟರಿನಲ್ಲಿ ಕೂರುತ್ತಿದ್ದವಳು ಹೆಂಡತಿ. ಗಿರಾಕಿಗಳ ಜೊತೆ ಹರಟೆ, ಜಗಳ, ನಗು ಎಲ್ಲ ಅವಳದೇ. ಹೋದ ಚಳಿಗಾಲದಲ್ಲಿ ಅವರ ಒಬ್ಬಳೇ ಮಗಳು, ಎಂಟನೇ ತರಗತಿಯ ಹುಡುಗಿ, ಜ್ವರವೆಂದು ಆಸ್ಪತ್ರೆ ಸೇರಿ ಮನೆಗೆ ತಿರುಗಿ ಬರಲಿಲ್ಲ. ಅದಾದ ವಾರದಿಂದ ಹೆಂಡತಿ ಅಂಗಡಿಗೆ ಕಾಲಿಟ್ಟಿರಲಿಲ್ಲ. ಹೊರಗೆ ಹೋಗಲೇಬೇಕಾದರೆ ಹಿಂದಿನ ಮೆಟ್ಟಿಲಿನಿಂದ ಇಳಿದು ಹೋಗುತ್ತಿದ್ದಳು. ಗಂಡನ ಜೊತೆ ಮಾತು ಅಂದರೆ ಊಟ, ಹಾಲು, ವಿದ್ಯುತ್ ಬಿಲ್ಲು, ಅಷ್ಟೇ. ದುಃಖ, ಏನು ಮಾಡುವುದು, ಕಾಲವೇ ಮದ್ದು ಎಂದುಕೊಂಡು ಅವನು ಕಾದ. ಕಾಲ ಬರಿದೇ ಕಳೆಯಿತು. ಮನೆಯಲ್ಲಿ ಬದುಕಿ ಉಳಿದಿದ್ದ ಒಂದು ಜೀವವನ್ನೂ ತಾನು ಕಳೆದುಕೊಳ್ಳುತ್ತಿದ್ದೇನೆ ಎಂಬ ಹೆದರಿಕೆ ಮಾತ್ರ ದಿನದಿನಕ್ಕೆ ಬಲಿಯುತ್ತಿತ್ತು.

ಆ ಹೊತ್ತಿಗೆ ಅವನ ನಾದಿನಿ, ಅಂದರೆ ಹೆಂಡತಿಯ ತಂಗಿ, ಒಂದು ನಾಯಿಮರಿ ತಂದಳು. ಕಾಕರ್ ಸ್ಪೇನಿಯಲ್, ಜೇನಿನ ಬಣ್ಣ, ಮೊಣಕಾಲಿನವರೆಗೆ ಜೋಲುವ ಕಿವಿ. ಮನೆಯಲ್ಲಿ ಹಿಂದೆ ಒಂದು ಗುಬ್ಬಿಯನ್ನೂ ಸಾಕಿದವರಲ್ಲ. ಮರಿಯ ಜೊತೆಗೆ ಒಂದು ಬುಟ್ಟಿ, ಬುಟ್ಟಿಯೊಳಗೆ ಒಂದು ಹರಕು ಟವೆಲ್ಲು.

"ಭಾವ, ಅಕ್ಕನಿಗೆ ಹೇಳಿದೀನಿ, ನಿಮಗೂ ಹೇಳ್ತೀನಿ," ಎಂದಳು ನಾದಿನಿ, ಕೌಂಟರಿನ ಮುಂದೆ ನಿಂತು. "ಆ ಟವೆಲ್ ಮೇಲೆ ಅದರ ತಾಯಿ ಮಲಗ್ತಿತ್ತು. ತಾಯಿ ವಾಸನೆ ಇದೆ ಅದ್ರಲ್ಲಿ. ಮರಿ ಇಲ್ಲಿಗೆ ಹೊಂದ್ಕೊಳ್ಳೋವರೆಗೂ ಅದನ್ನ ಮುಟ್ಟಬೇಡಿ. ನೀರು ತಾಕಿಸ್ಲೇಬೇಡಿ."

ಅವನು ತಲೆಯಾಡಿಸಿದ.

ಮರಿ ಬಂದದ್ದೇ ತಡ, ಮನೆ ಮನೆಯಾಯಿತು. ಅದು ನೀರು ಕುಡಿಯಲು ಬಗ್ಗಿದರೆ ಎರಡು ಕಿವಿಯೂ ಬಟ್ಟಲಿಗೆ ಬೀಳುತ್ತಿತ್ತು. ಆಮೇಲೆ ಒದ್ದೆ ಕಿವಿ ಎಳೆದುಕೊಂಡು ಮನೆಯಿಡೀ ನೀರು ಚಿಮುಕಿಸುತ್ತಿತ್ತು. ಹೆಂಡತಿ ಮಗಳ ತಲೆಗೂದಲಿನ ಕ್ಲಿಪ್ಪು ತಂದು ಕಿವಿಗಳನ್ನು ನೆತ್ತಿಯ ಮೇಲೆ ಸೇರಿಸಿ ಹಾಕಿದಳು. ಮರಿ ಥೇಟು ಮುನಿಸಿಕೊಂಡ ಟೀಚರಿನ ಹಾಗೆ ಕಂಡಿತು. ಯಾರಾದರೂ ಪ್ರೀತಿಯಿಂದ ಮಾತಾಡಿಸಿದರೆ ಸಾಕು, ಅದಕ್ಕೆ ಸಂತೋಷ ತಡೆಯಲಾಗದೆ ನಿಂತಲ್ಲೇ ಉಚ್ಚೆ. ಬಾಲ್ಕನಿಯ ಮೂಲೆಯಲ್ಲಿ ಪೇಪರು ಹಾಸಿ, ಅಲ್ಲೇ ಹೋಗುವುದನ್ನು ಕಲಿಸಬೇಕು, ಹಳೇ ಪೇಪರಿನ ಒಂದು ಚೂರನ್ನು ಅಲ್ಲೇ ಬಿಟ್ಟರೆ ವಾಸನೆ ಹಿಡಿದು ತಾನೇ ಬರುತ್ತದೆ ಎಂದು ಮರಿ ಕೊಟ್ಟ ಹೆಂಗಸು ನಾದಿನಿಯ ಮೂಲಕ ಹೇಳಿ ಕಳಿಸಿದ್ದಳು. ಹೆಂಡತಿ ಹಾಗೇ ಮಾಡುತ್ತಿದ್ದಳು. ಮರಿ ಮಾತ್ರ ಸೋಫಾದ ಹಿಂದೆ, ಮಂಚದ ಕೆಳಗೆ, ಅಡುಗೆಮನೆಯ ಹೊಸ್ತಿಲಲ್ಲಿ, ಊರೆಲ್ಲ ಸುತ್ತಿ ಬರುತ್ತಿತ್ತು.

"ಇದು ದಡ್ಡೋ, ಇಲ್ಲ ನಾನೇ ದಡ್ಡಿಯೋ," ಎಂದಳು ಹೆಂಡತಿ ಒಂದು ಬೆಳಿಗ್ಗೆ.

"ಆ ಮೂಲೆ ನಾನು ದಿನಾ ವಿನೆಗರ್ ಹಾಕಿ ತೊಳೀತಿದೀನಲ್ಲ, ಸ್ವಲ್ಪಾನೂ ವಾಸನೆ ಇಲ್ಲ," ಎಂದ ಅವನು ಹೆಮ್ಮೆಯಿಂದ. "ಆ ಪೇಪರ್ ಚೂರನ್ನೂ ನಾನೇ ಬಿಸಾಕ್ತೀನಿ."

ಹೆಂಡತಿ ಅವನನ್ನೇ ನೋಡಿದಳು. ಆಮೇಲೆ ನಕ್ಕುಬಿಟ್ಟಳು. ಮಗಳು ಹೋದಮೇಲೆ ಮೊದಲ ಸಲ. "ರೀ, ನಿಮ್ಮನ್ನ ಕಟ್ಕೊಂಡು ಆ ನಾಯಿ ಉದ್ಧಾರ ಆದ ಹಾಗೇ," ಎಂದಳು. ಬೈಗುಳವೇ ಸರಿ, ಆದರೂ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವತ್ತೆಲ್ಲ ಇಸ್ತ್ರಿ ಹಾಕುತ್ತ ಒಬ್ಬನೇ ನಗುತ್ತಿದ್ದ. ಅವಳು ಇನ್ನೇನು ಅಂಗಡಿಗೂ ಇಳಿದು ಬರುತ್ತಾಳೆ ಅನ್ನಿಸಿತು. ಕೌಂಟರಿನ ಹಿಂದಿನ ಅವಳ ಕುರ್ಚಿಯ ಮೇಲೆ ಪೇರಿಸಿದ್ದ ಹ್ಯಾಂಗರುಗಳನ್ನು ತೆಗೆದು, ಕುರ್ಚಿಯ ಧೂಳು ಒರೆಸಿಟ್ಟ.

ಅಲ್ಲಿಗೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ. ಅವಳಿಗಾಗಿ ಏನಾದರೂ ಮಾಡಬೇಕು ಎಂಬ ಆಸೆ ಹತ್ತಿತು. ಅವನಿಗೆ ಮಾಡಲು ಬರುತ್ತಿದ್ದುದಾದರೂ ಏನು? ಒಂದೇ.

ನಾದಿನಿ ಬಂದು ಅಕ್ಕನನ್ನೂ ಮರಿಯನ್ನೂ ಕರೆದುಕೊಂಡು ಪಶುವೈದ್ಯರ ಹತ್ತಿರ ಹೋದ ಬೆಳಿಗ್ಗೆ ಅವನು ಮೇಲೆ ಹತ್ತಿದ. ಬುಟ್ಟಿಯಲ್ಲಿ ಆ ಟವೆಲ್ಲು. ಹಾಲಿನ ಕರೆ, ಜೊಲ್ಲು, ಮಣ್ಣು, ರೋಮ. ಇದನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳಲ್ಲ ಇವಳು ಎಂದುಕೊಂಡ. ನಾದಿನಿ ಹೇಳಿದ್ದು ನೆನಪಿರಲಿಲ್ಲವೇ? ಇತ್ತು. ನೀರು ತಾಕಿಸಬೇಡಿ ಎಂದವರನ್ನು ಅವನು ಎಷ್ಟು ಜನರನ್ನು ನೋಡಿಲ್ಲ. ಬಿಸಿನೀರು, ಕಿಣ್ವದ ಪುಡಿ, ಮೆತ್ತಗಿನ ಬ್ರಷ್ಷು, ಮೂರು ನೀರು, ಕೊನೆಗೆ ಸಾಫ್ಟನರು. ಹರಿದ ಅಂಚನ್ನೂ ತಾನೇ ಕೂತು ಹೊಲಿದ. ಇಸ್ತ್ರಿ ಹಾಕಿ, ನಾಲ್ಕು ಮಡಿಕೆ ಮಾಡಿ, ದೊಡ್ಡ ಗಿರಾಕಿಗಳ ಶರ್ಟಿಗೆ ಸುತ್ತುವ ನೀಲಿ ಕಾಗದದ ಪಟ್ಟಿಯನ್ನು ಸುತ್ತಿ ಬುಟ್ಟಿಯಲ್ಲಿಟ್ಟ. ಮೂಗು ಹಾಕಿ ನೋಡಿದ. ಏನೂ ಇರಲಿಲ್ಲ. ಸೊಗಸಾದ ಕೆಲಸ.

ಅವರು ವಾಪಸು ಬಂದಾಗ ಮರಿ ನಡುಗುತ್ತಿತ್ತು. ಸೂಜಿ ಚುಚ್ಚಿಸಿಕೊಂಡು ಹೆದರಿತ್ತು. ಕೆಳಗೆ ಬಿಟ್ಟೊಡನೆ ನೇರ ಬುಟ್ಟಿಗೆ ಓಡಿ ಮೂಗು ತೂರಿಸಿತು. ತೆಗೆಯಿತು. ಮತ್ತೆ ತೂರಿಸಿತು. ಕಾಗದದ ಪಟ್ಟಿಯನ್ನು ಕಿತ್ತು, ಟವೆಲ್ಲನ್ನು ಎಳೆದಾಡಿ, ಅದರ ಕೆಳಗೆ ಹುಡುಕಿತು. ಬುಟ್ಟಿಯ ಸುತ್ತ ಬಂತು, ಬಾಗಿಲ ಹಿಂದೆ ನೋಡಿತು, ಮಂಚದ ಕೆಳಗೆ ಹೋಗಿ ಬಂತು. ಆಮೇಲೆ ನಡುಮನೆಯಲ್ಲಿ ಕೂತು, ಸಣ್ಣ ದನಿಯಲ್ಲಿ ಅಳುವುದಕ್ಕೆ ಹಿಡಿಯಿತು.

ಹೆಂಡತಿ ಟವೆಲ್ಲನ್ನು ಎತ್ತಿ ಮೂಗಿಗೆ ಹಿಡಿದಳು.

"ಮತ್ತೆ ತೊಳೆದ್ರಾ," ಎಂದಳು.

"ಗಲೀಜಾಗಿತ್ತು ಕಣೇ. ನಿನ್ನ ಬಟ್ಟೆಗೆಲ್ಲ ಹತ್ತುತ್ತೆ ಅಂತ..."

"ಮತ್ತೆ ತೊಳೆದ್ರಾ ಅಂದೆ."

ಆ 'ಮತ್ತೆ' ಎಲ್ಲಿಯದೆಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ನಾದಿನಿಗೆ ಹೊಳೆಯಿತೋ ಏನೋ, ಚೀಲ ತೆಗೆದುಕೊಂಡು, "ಅಕ್ಕ, ನಾನು ಹೊರಗಿರ್ತೀನಿ," ಎಂದು ಬಾಲ್ಕನಿಗೆ ಹೋದಳು.

ಮಗಳು ತೀರಿಕೊಂಡ ಮೇಲೆ ಹೆಂಡತಿಗೆ ನಿದ್ದೆ ಮಾತ್ರೆ ಕೊಟ್ಟು ಎರಡು ದಿನ ನಾದಿನಿಯ ಮನೆಯಲ್ಲಿ ಮಲಗಿಸಿದ್ದರು. ಇವನಿಗೆ ನಿದ್ದೆ ಬರುವ ಮಾತ್ರೆ ಯಾರೂ ಕೊಟ್ಟಿರಲಿಲ್ಲ. ಖಾಲಿ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಅವನು ಮಗಳ ಕೋಣೆಗೆ ಹೋಗಿದ್ದ. ಆಸ್ಪತ್ರೆಯಿಂದ ಬಂದ ಚೀಲ, ದಿಂಬಿನ ಕವರು, ಹೊದಿಕೆ, ಬಾಗಿಲ ಹಿಂದೆ ನೇತಾಡುತ್ತಿದ್ದ ಸ್ವೆಟರ್ರು, ಶಾಲೆಯ ಅಂಗಿ, ಎಲ್ಲವನ್ನೂ ಬಾಚಿ ಕೆಳಗೆ ಒಯ್ದಿದ್ದ. ಅಳುತ್ತಲೇ ಒಗೆದಿದ್ದ. ಶಾಲೆಯ ಅಂಗಿಯ ಎಡಗೈ ಪಟ್ಟಿಯಲ್ಲಿ ಒಂದು ಶಾಯಿಯ ಕಲೆಯಿತ್ತು. "ಅಪ್ಪ, ಊರವರದ್ದೆಲ್ಲ ತೆಗೀತೀಯ, ನಂದೊಂದು ತೆಗೆಯೋಕಾಗಲ್ವಾ," ಎಂದು ಅವಳು ತಿಂಗಳುಗಟ್ಟಲೆ ಪೀಡಿಸಿದ್ದಳು. ನಾಳೆ ಪುಟ್ಟಿ, ನಾಳೆ ಪುಟ್ಟಿ ಎಂದೇ ಇವನು ಕಾಲ ತಳ್ಳಿದ್ದ. ಆ ದಿನ ಕೂತು, ಆ ಕಲೆಯನ್ನು ಎಳೆ ಎಳೆಯಾಗಿ ತೆಗೆದಿದ್ದ. ಎಲ್ಲಕ್ಕೂ ಇಸ್ತ್ರಿ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅಂಗಡಿಯ ಸರಳಿಗೆ ಸಾಲಾಗಿ ತೂಗುಹಾಕಿದ್ದ. ಹೆಂಡತಿ ಬಂದವಳು ಆ ಸಾಲಿನ ಮುಂದೆ ನಿಂತು, ಒಂದು ಮಾತೂ ಆಡದೆ ಮೇಲೆ ಹೋಗಿದ್ದಳು. ಸಮಾಧಾನವಾಗಿರಬೇಕು ಎಂದುಕೊಂಡಿದ್ದ, ಮಹಾನುಭಾವ.

"ಆಸ್ಪತ್ರೆ ವಾಸನೆ ಬರ್ತಿತ್ತು ಕಣೇ ಅವಳ ಬಟ್ಟೆಗೆಲ್ಲ," ಎಂದ ಈಗ. "ನನಗೆ ತಡ್ಕೊಳ್ಳೋಕಾಗ್ಲಿಲ್ಲ."

"ಅದರ ಕೆಳಗೆ ಅವಳ ವಾಸನೆ ಇತ್ತು," ಎಂದಳು ಹೆಂಡತಿ. "ನಾನು ಆ ಎರಡು ದಿನ ಬದುಕಿದ್ದೇ ಮನೆಗೆ ಹೋಗಿ ಆ ದಿಂಬು ತಬ್ಕೋತೀನಿ ಅಂತ. ಬಂದು ನೋಡಿದ್ರೆ ಸರಳಿನ ಮೇಲೆ ನೇತಾಕಿದ್ರಿ. ಗಿರಾಕಿ ಬಟ್ಟೆ ಥರ."

"ಅವತ್ತೇ ಹೇಳಬಾರದಿತ್ತಾ?"

"ಹೇಳಿದ್ರೆ ಏನು ವಾಪಸ್ ಬರ್ತಿತ್ತಾ?"

ಅವನು ಬಾಲ್ಕನಿಯಲ್ಲಿದ್ದ ನಾದಿನಿಯಿಂದ ವಿಳಾಸ ಕೇಳಿಕೊಂಡು ಮೆಟ್ಟಿಲು ಇಳಿದ. ಕಪಾಟಿನಿಂದ ಒಂದು ಹೊಸ ಟವೆಲ್ಲು, ಒಂದು ಕವರು ತೆಗೆದುಕೊಂಡು ಅಂಗಡಿಯ ಷಟರು ಎಳೆದ. ಎರಡು ಬಸ್ಸು ಬದಲಾಯಿಸಿ ಮರಿ ಕೊಟ್ಟ ಹೆಂಗಸಿನ ಮನೆಗೆ ಹೋದ. ಆಕೆಯನ್ನು ಆ ಬಡಾವಣೆಯವರು ನಾಯಿ ಅಜ್ಜಿ ಎನ್ನುತ್ತಿದ್ದರು. ಅವನು ವಿಷಯ ಹೇಳಿದ. ಅಜ್ಜಿ ಬಾಯಿ ತುಂಬ ಬೈದಳು.

"ಅಷ್ಟು ಒತ್ತಿ ಹೇಳಿ ಕಳಿಸಿದ್ನಲ್ಲಪ್ಪ. ಬಟ್ಟೆ ಕಂಡ್ರೆ ಕೈ ಕಡಿಯುತ್ತಾ ನಿನಗೆ? ಬಾ ಒಳಗೆ."

ತಾಯಿನಾಯಿ ಕಿಟಕಿಯ ಬಿಸಿಲಿನಲ್ಲಿ ಮಲಗಿತ್ತು. ಎದ್ದು ಬಂದು ಅವನ ಕೈ ಮೂಸಿತು. ಪ್ಯಾಂಟು ಮೂಸಿತು. ದಿನವೂ ಅದರ ಮರಿಯನ್ನು ಎತ್ತುತ್ತಿದ್ದ ಕೈ. ನಾಯಿ ಒಮ್ಮೆ ಸೀನಿ, ತಿರುಗಿ ಹೋಗಿ ಮಲಗಿತು.

"ನಿನ್ನ ಮೈಮೇಲೆ ಸೋಪು ಬಿಟ್ರೆ ಇನ್ನೇನೂ ಇಲ್ವಂತೆ," ಎಂದಳು ಅಜ್ಜಿ. ಟವೆಲ್ಲನ್ನು ನಾಯಿಯ ಹೊಟ್ಟೆಯ ಕೆಳಗೆ ತುರುಕಿ, ಅವನಿಗೆ ಚಹಾ ಕೊಟ್ಟಳು. ಬಿಸಿಲು ಗೋಡೆ ಹತ್ತುವವರೆಗೂ ಅವನು ಅಲ್ಲಿ ಕೂತಿದ್ದ. ಬರುವಾಗ ಆ ಟವೆಲ್ಲನ್ನು ಉಣ್ಣೆಯ ಕೋಟಿಗೆ ಬಳಸುವ ದಪ್ಪ ಕವರಿನಲ್ಲಿ ಹಾಕಿ, ಬಾಯಿ ಕಟ್ಟಿ, ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ಕೂತ. ಸರಿಮಾಡುತ್ತೇನೆ, ಇದೊಂದನ್ನು ಸರಿಮಾಡಿದರೆ ಅವಳೂ ಕರಗುತ್ತಾಳೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ.

ಮನೆಯಲ್ಲಿ ಮರಿ ಇನ್ನೂ ಕುಂಯ್‌ಗುಡುತ್ತಿತ್ತು. ಕವರು ಬಿಚ್ಚಿದ್ದೇ ತಡ, ಅದರ ಮೂಗು ಮೇಲೆದ್ದಿತು. ಓಡಿ ಬಂದು ಟವೆಲ್ಲಿನ ಮೇಲೆ ಬಿದ್ದು, ಮುಖ ಹುದುಗಿಸಿ, ಎರಡು ಸಲ ಸುತ್ತು ಹೊಡೆದು, ಒಂದು ದೊಡ್ಡ ನಿಟ್ಟುಸಿರು ಬಿಟ್ಟು ಮಲಗಿತು. ನೋಡನೋಡುತ್ತ ನಿದ್ದೆ ಹೋಯಿತು.

"ನೋಡಿದ್ಯಾ," ಎಂದ ಅವನು. ಕಣ್ಣು ತುಂಬಿತ್ತು. "ಸರಿಹೋಯ್ತಲ್ಲ."

ಹೆಂಡತಿ ಮರಿಯ ಬೆನ್ನು ಸವರುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಹೋದ್ರಿ, ತಂದ್ರಿ. ಅದರ ತಾಯಿ ಬದುಕಿದೆ," ಎಂದಳು.

ಆಮೇಲೆ ಎದ್ದು, ಬಚ್ಚಲಮನೆಯ ಮೂಲೆಯಲ್ಲಿದ್ದ ಒಗೆಯುವ ಬುಟ್ಟಿಯಿಂದ ತನ್ನ ಬಟ್ಟೆಗಳನ್ನು ಒಂದೊಂದಾಗಿ ಆರಿಸಿ ತೆಗೆದಳು. ಅವನ ಶರ್ಟು, ಬನಿಯನ್ನು ಬುಟ್ಟಿಯಲ್ಲೇ ಉಳಿದವು. "ಇನ್ಮೇಲೆ ನನ್ನ ಬಟ್ಟೆ ನೀವು ಮುಟ್ಟೋದು ಬೇಡ. ನಾನೇ ಒಗ್ಕೋತೀನಿ," ಎಂದು ಹೇಳಿ ಮಗಳ ಕೋಣೆಗೆ ಹೋದಳು. ಮರಿಯ ಬುಟ್ಟಿಯನ್ನೂ ಒಳಗೆಳೆದುಕೊಂಡು ಬಾಗಿಲು ಹಾಕಿದಳು.

ಹೇಳಿದಂತೆಯೇ ಮಾಡಿದಳು. ಬೀದಿಗೆ ಕಾಣುವ ಬಾಲ್ಕನಿಯ ಹಗ್ಗದ ಮೇಲೆ ಅವಳ ಬಟ್ಟೆ ಒಣಗತೊಡಗಿದವು, ಕೆಳಗೆ ಲಾಂಡ್ರಿಯ ಬೋರ್ಡು. ನೋಡಿದ ಗಿರಾಕಿಗಳು ಏನೋ ಕೇಳಲು ಬಾಯಿ ತೆಗೆದು, ಅವನ ಮುಖ ನೋಡಿ ತಮ್ಮ ಬಟ್ಟೆಯನ್ನಷ್ಟೇ ಕೌಂಟರಿನ ಮೇಲಿಟ್ಟು ಹೋಗುತ್ತಿದ್ದರು. ಮರಿ ಚೆನ್ನಾಗಿ ಹೊಂದಿಕೊಂಡಿತು. ಬಾಲ್ಕನಿಯ ಮೂಲೆಯನ್ನು ಅವನು ತೊಳೆಯುವುದನ್ನು ಬಿಟ್ಟಮೇಲೆ ಪೇಪರಿಗೂ ತಾನೇ ಹೋಗುವುದನ್ನು ಕಲಿಯಿತು. ಹೆಂಡತಿಯ ಹೆಜ್ಜೆ ಕೇಳಿದರೆ ಇಡೀ ಮೈಯನ್ನೇ ಬಾಲ ಮಾಡಿಕೊಂಡು ಅಲ್ಲಾಡಿಸುತ್ತಿತ್ತು. ಅವನು ಕೈ ಚಾಚಿದರೆ ಬಂದು ಮೂಸಿ, ಸೀನಿ, ಹೋಗುತ್ತಿತ್ತು.

ಒಂದು ಸಂಜೆ ಹೆಂಡತಿ ಮರಿಯನ್ನು ಹಿಂದಿನ ಮೆಟ್ಟಿಲಿನಿಂದ ಹೊರಗೆ ಕರೆದುಕೊಂಡು ಹೋಗಿದ್ದಳು. ಅವನು ಮಗಳ ಕಪಾಟು ತೆಗೆದು, ಶಾಲೆಯ ಅಂಗಿಯನ್ನು ಕವರಿನಿಂದ ಹೊರಗೆಳೆದ. ಮುಖಕ್ಕೆ ಒತ್ತಿಕೊಂಡ. ಒಗೆದ ಬಟ್ಟೆ, ಅಷ್ಟೇ. ಅಂಗಡಿಗೆ ಇಳಿದು, ಕಲೆ ನೋಡುವ ದೀಪ ಹಾಕಿ, ಎಡಗೈ ಪಟ್ಟಿಯನ್ನು ಅದರ ಕೆಳಗೆ ಹಿಡಿದ. ಹೊಲಿಗೆಯ ಸಂದಿನಲ್ಲಾದರೂ ಒಂದು ಚುಕ್ಕಿ ನೀಲಿ ಉಳಿದಿರಬಹುದೆಂದು ಕನ್ನಡಕ ಏರಿಸಿ, ಎಳೆ ಎಳೆಯಾಗಿ ಹುಡುಕಿದ. ತಿರುಗಿಸಿ ಒಳಮೈಯನ್ನೂ ನೋಡಿದ. ಎಲ್ಲೂ ಇರಲಿಲ್ಲ. ಅಷ್ಟು ಚೆನ್ನಾಗಿ ಒಗೆದಿದ್ದ.