ತಲೆಬರಹ

ಬಟಾಣಿ ಪಾತ್ರೆಗೆ ಬೀಳುವ ಸದ್ದು, ಟಣ್, ಟಣ್, ಅತ್ತೆ ಹಜಾರದಲ್ಲಿ ಕೂತು ಸಿಪ್ಪೆ ಬಿಡಿಸುತ್ತಿದ್ದಾರೆ, ಒಂದು ಕಾಳು ಉರುಳಿ ಕೋಣೆಯೊಳಕ್ಕೆ ಬಂತು, ಅದನ್ನು ಕಾಲ್ಬೆರಳಿಂದ ಅದುಮಿ ಹಿಡಿದು ಅವಳು ಕಂಪ್ಯೂಟರಿನ ಪರದೆಯನ್ನೇ ನೋಡಿದಳು — ಎಡಕ್ಕೆ ಬೇಗದವರು, ಬಲಕ್ಕೆ ತಡದವರು, ಲೇಖನಕ್ಕೆ ದುಡ್ಡು ಕೊಡುವ ಎರಡು ಜಾಲತಾಣಗಳಿಗೆ ಅವಳೇ ಇಟ್ಟ ಅಡ್ಡಹೆಸರು, ಬರೆದರೆ ನಮಗೊಬ್ಬರಿಗೇ ಬರೆಯಬೇಕೆಂದು ಎರಡೂ ಕಡೆಯವರ ಹಟ, ಇವತ್ತು ಒಬ್ಬರಿಗೆ ಹೂಂ ಅನ್ನಲೇಬೇಕು. ಬೇಗದವರು ಬೆಳಿಗ್ಗೆ ಕೊಟ್ಟದ್ದನ್ನು ಮಧ್ಯಾಹ್ನಕ್ಕೆ ಲೋಕಕ್ಕೆಲ್ಲ ಹಂಚುತ್ತಾರೆ, ಓದಿದವರ ತಲೆ ಎಣಿಸಿ ಹಣ ಹಾಕುತ್ತಾರೆ, ಏನಾದರೂ ಕೇಳೋಣವೆಂದರೆ ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ತಡದವರಲ್ಲಿ ಒಬ್ಬ ಸಂಪಾದಕಿ ಇದ್ದಾಳೆ, ಕೆಮ್ಮುತ್ತಲೇ ಫೋನು ಮಾಡಿ, ಇದು ನಿಮಗೆ ಯಾರು ಹೇಳಿದ್ದು, ಅವರನ್ನ ಇನ್ನೊಂದ್ಸಲ ಕೇಳಿ ಎಂದು ಜೀವ ಹಿಂಡುವವಳು, ಅಲ್ಲಿ ಲೇಖನವೂ ತಡ, ಹಣವೂ ತಡ. ಹಲ್ಲಿನ ಡಾಕ್ಟರ ಹತ್ತಿರ ರೋಗಿಗಳಿಗೆ ಚೀಟಿ ಕೊಡುತ್ತಿದ್ದ ಕೆಲಸ ಹೋದ ಮೇಲೆ ಕೈಗೆ ಸಿಕ್ಕಿದ್ದು ಈ ಬರವಣಿಗೆಯೊಂದೇ, ಬೇಗ ಕೊಡೋರ ಹತ್ರಾನೇ ಹೋಗಮ್ಮ, ನಾಳೆ ಹಾಲು ಕರೆಯೋ ಎಮ್ಮೆಗಿಂತ ಇವತ್ತಿನ ಮೇಕೆ ಮೇಲು, ಅತ್ತೆಯ ಮಾತೂ ಸುಳ್ಳಲ್ಲ, ಬೇಗದವರಿಗೇ ಹೂಂ ಅಂದುಬಿಡೋಣವೆಂದು ಬೆರಳು ಇಳಿಯುತ್ತಿತ್ತು, ಆಗ ಮೂಲೆಯಲ್ಲಿ ಕೆಂಪು ಚುಕ್ಕೆ, ಬೇಗದವರಲ್ಲಿ ಬಂದಿದ್ದ ಅವಳ ಜ್ವರದ ಲೇಖನಕ್ಕೆ ಒಂದು ಪ್ರತಿಕ್ರಿಯೆ, ಯಾರೋ ತಾಯಿ — ಮಗೂಗೆ ಜ್ವರ ಇತ್ತು, ನೀವು ಬರೆದ ಹಾಗೇ ಒದ್ದೆ ಬಟ್ಟೇಲಿ ಮೈ ಒರೆಸಿದೆ, ಈಗ ಮಲಗಿದೆ, ಹಾಲಿಗೂ ಏಳ್ತಿಲ್ಲ, ನಿದ್ದೆ ಬಂದ್ರೆ ಒಳ್ಳೇದೇ ಅಲ್ವಾ ಅಕ್ಕಾ, ಇನ್ನೂ ಎರಡು ತಿಂಗಳು ತುಂಬಿಲ್ಲ.

ಎರಡು ತಿಂಗಳು. ಕಾಣದ ಆ ಕೂಸು ಕಣ್ಣೆದುರು ಬಂತು, ತುಸು ತೆರೆದ ಬಾಯಿ, ಮೊಲೆಯತ್ತ ತಿರುಗದ ಬಾಯಿ. ಇಲ್ಲ, ಬರೆದಿದ್ದೆನಲ್ಲ, ಮೂರು ತಿಂಗಳೊಳಗಿನ ಕೂಸಿಗೆ ಮನೆಮದ್ದು ಬೇಡ, ಎತ್ತಿಕೊಂಡು ಆಸ್ಪತ್ರೆಗೆ ಓಡಿ ಎಂದು, ಅವಳು ಲೇಖನವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ತಡಕಿದಳು, ಆ ಪ್ಯಾರಾ ಇಲ್ಲ, ಬೇಗದವರು ಕತ್ತರಿಸಿದ್ದಾರೆ, ಹೆದರಿಸುವ ಸಾಲು ಬಂದರೆ ಓದುಗರು ಎದ್ದುಹೋಗುತ್ತಾರೆ ಎಂದು ಅವರ ನಿಯಮದಲ್ಲೇ ಇದೆ, ಅದನ್ನು ಓದಿ ನಕ್ಕಿದ್ದಳಲ್ಲ, ನಕ್ಕಿದ್ದಳು — ಮೇಲೆ ನಗುವ ಕೂಸಿನ ಚಿತ್ರ, ಜ್ವರಕ್ಕೆ ಹೆದರಬೇಡಿ ಎಂಬ ತಲೆಬರಹ, ಅದೂ ಅವಳದಲ್ಲ, ಅವರದು, ಕೆಳಗಿನ ಹೆಸರು ಮಾತ್ರ ಅವಳದು. ಟೈಪು ಮಾಡಿದಳು, ಈಗಲೇ ಎಬ್ಬಿಸಿ, ಆಸ್ಪತ್ರೆಗೆ ಹೋಗಿ. ಒತ್ತಿದಳು. ನಿಮ್ಮ ಉತ್ತರದಲ್ಲಿ ವೈದ್ಯಕೀಯ ಸಲಹೆ ಇದೆ, ಪರಿಶೀಲಿಸಿ ಪ್ರಕಟಿಸುತ್ತೇವೆ. ಮತ್ತೆ ಒತ್ತಿದಳು, ಮತ್ತೆ ಅದೇ, ಅಯ್ಯೋ ಪರಿಶೀಲಿಸುವವರು ಯಾರು, ಎಲ್ಲಿ ಕೂತಿದ್ದಾರೆ, ಆ ಬಾಯಿ — ಯಾಕಮ್ಮಾ ಏನಾಯ್ತು, ಅತ್ತೆ ಬಾಗಿಲಲ್ಲಿ, ಒಂದ್ ಮಗು ಏಳ್ತಿಲ್ಲ ಅತ್ತೆ, ಯಾರ ಮಗೂನೇ, ಗೊತ್ತಿಲ್ಲ, ಗೊತ್ತಿಲ್ಲ. ಬೆರಳು ತಾನಾಗಿ ಸಂಪಾದಕಿಯ ಸಂಖ್ಯೆ ಒತ್ತಿತ್ತು, ಕೆಮ್ಮು, ಹೇಳಿ, ಅವಳು ತೊದಲುತ್ತ ಎಲ್ಲ ಹೇಳಿದಳು, ಆ ಕಡೆಯಿಂದ, ಉತ್ತರ ಬಿಡಿ, ಲೇಖನ ತಿದ್ದೋಕೆ ಬರುತ್ತಾ ನಿಮಗೆ, ಬರುತ್ತೆ, ಹಾಗಾದ್ರೆ ತಲೆಬರಹಾನೇ ಬದಲಾಯಿಸಿ, ಆ ತಾಯಿ ನಿಮ್ಮ ಉತ್ತರಕ್ಕೆ ಕಾಯ್ತಾ ಅದೇ ಪುಟ ನೋಡ್ತಿರ್ತಾಳೆ. ಅಳಿಸಿ ಬರೆದಳು, ಮಗು ಹಾಲಿಗೆ ಏಳದಿದ್ದರೆ ಅದು ನಿದ್ದೆಯಲ್ಲ, ತಾಯೀ, ಈಗಲೇ ಆಸ್ಪತ್ರೆಗೆ ಓಡು. ಒತ್ತಿದಳು, ತಲೆಬರಹಕ್ಕೆ ಯಾವ ಪರಿಶೀಲನೆಯೂ ಇರಲಿಲ್ಲ.

ಕಾದಳು. ಅತ್ತೆ ಅವಳ ಭುಜ ಹಿಡಿದು ನಿಂತಿದ್ದಾರೆ, ಫೋನಿನಲ್ಲಿ ಸಂಪಾದಕಿಯ ಉಸಿರು, ಅವಳೂ ಇಟ್ಟಿಲ್ಲ. ಕೆಂಪು ಚುಕ್ಕೆ — ಅಭಿನಂದನೆಗಳು, ನಿಮ್ಮ ಹೊಸ ತಲೆಬರಹ ಹೆಚ್ಚು ಓದುಗರನ್ನು ಸೆಳೆಯುತ್ತಿದೆ. ಥೂ. ಇನ್ನೊಂದು — ಓದಿದೆ ಅಕ್ಕಾ, ಹೊರಟ್ವಿ. ಆಮೇಲೆ ಏನೂ ಇಲ್ಲ, ಒಲೆಯ ಮೇಲಿದ್ದದ್ದು ಸೀದ ವಾಸನೆ ಬಂದರೂ ಇಬ್ಬರೂ ಕದಲಲಿಲ್ಲ, ಕೊನೆಗೆ ಅದೇ ತಾಯಿಯಿಂದ, ಕಣ್ಣು ಬಿಡ್ತು, ಸೂಜಿ ಹಾಕಿದ್ದಾರೆ, ಇನ್ನೂ ತಡ ಆಗಿದ್ರೆ ಅಂದ್ರು ಡಾಕ್ಟ್ರು, ಅಷ್ಟೇ. ಅತ್ತೆ ಸೆರಗಲ್ಲಿ ಮುಖ ಒರೆಸಿಕೊಂಡರು. ನಾನು ನಿಮಗೇ ಬರೀತೀನಿ ಮೇಡಂ, ಎಷ್ಟು ತಡವಾದ್ರೂ ಸರಿ, ಎಂದಳು ಫೋನಿಗೆ. ಮುಗಿಯಿತು, ಬದುಕಿತು, ಇನ್ನೇನು — ಆದರೆ ಆ ಲೇಖನ ಹೋದ ವಾರದಿಂದ ಅಲ್ಲೇ ಇತ್ತು, ಓದಿದವರೆಲ್ಲ ಪ್ರತಿಕ್ರಿಯೆ ಬರೆಯುತ್ತಾರೆಯೇ, ಇವಳೊಬ್ಬಳು ಕೇಳಿದಳು, ಕೇಳದವರು, ನಿದ್ದೆ ಬಂತಲ್ಲ ಸದ್ಯ ಎಂದು ದೀಪ ಆರಿಸಿ ತಾವೂ ಮಲಗಿದವರು, ಯಾವುದೋ ಮನೆಯಲ್ಲಿ, ಯಾವುದೋ ಮಡಿಲಲ್ಲಿ, ತುಸು ತೆರೆದ ಬಾಯಿ, ತುಟಿಯಂಚಿನಲ್ಲಿ ಒಣಗಿದ ಹಾಲು, ತಿರುಗದ ಬಾಯಿ, ಆ ಬಾಯಿ —