ಕಿಟಕಿ ತೆರೆಯದ ಮಗ್ಗದ ಕೋಣೆ

ಪಿರೋಟ್ ಊರಿನ ನಮ್ಮ ಮಗ್ಗದ ಕೋಣೆಯಷ್ಟು ಬೆಚ್ಚಗಿನ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಲೆಯ ಮೇಲೆ ಸುಡುವ ಕೆಂಪು ಮೆಣಸಿನಕಾಯಿ, ಗೋಡೆಯುದ್ದಕ್ಕೂ ನಿಂತ ಜಮಖಾನದ ಮಗ್ಗ, ಅದರ ಮುಂದೆ ಒಂದೇ ಹಲಗೆಯ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕೂತು ನೇಯುವ ಪೆರ್ಸಿದಾ ಅಜ್ಜಿ ಮತ್ತು ನನ್ನ ಅಕ್ಕ ದೆಸಾಂಕಾ. ಇಂದಿಗೂ ಒದ್ದೆ ಉಣ್ಣೆಯ ವಾಸನೆ ಬಂದರೆ ನನ್ನ ಕಣ್ಣು ತುಂಬುತ್ತದೆ. ಆ ಕೋಣೆಯ ಮೇಲೆ ನನಗೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು.

ಹಿಮ ಬೀಳುವ ಮುಂಚೆಯೇ ಅಜ್ಜಿ ಕಿಟಕಿಯ ಸಂದುಗಳಿಗೆ ಉಣ್ಣೆ ತುರುಕಿ, ಮೇಲೆ ಹಿಟ್ಟಿನ ಅಂಟಿನಿಂದ ಕಾಗದ ಹಚ್ಚುತ್ತಿದ್ದಳು. ನಮ್ಮ ಜನಕ್ಕೆ ತೋಳಕ್ಕಿಂತ ಗಾಳಿಯ ಭಯ ಹೆಚ್ಚು. ಹಲ್ಲುನೋವು, ಬಂಜೆತನ, ಗಂಡನ ಸಿಡುಕು, ಎಲ್ಲಕ್ಕೂ ಗಾಳಿಯೇ ಕಾರಣ. ಬಸ್ಸಿನಲ್ಲಿ ಕಿಟಕಿ ತೆರೆದವನನ್ನು ಕೊಲೆಗಾರನ ಹಾಗೆ ದುರುಗುಟ್ಟಿ ನೋಡುವವರು ನಾವು.

೧೯೫೩ರ ಚಳಿಗಾಲದಲ್ಲಿ ದೆಸಾಂಕಾ ಕೆಮ್ಮತೊಡಗಿದಳು. ಅವಳಿಗೆ ಹತ್ತೊಂಬತ್ತು, ಬೇಸಿಗೆಗೆ ಮದುವೆ. ಅಜ್ಜಿ ಕಿಟಕಿಗೆ ಇನ್ನೊಂದು ಪದರ ಕಾಗದ ಹಚ್ಚಿದಳು. ಅಜ್ಜಿಯೂ ಕೆಮ್ಮುತ್ತಿದ್ದಳು. ಆದರೆ ಅದು ನಾವು ಹುಟ್ಟುವ ಮೊದಲಿನಿಂದ ಇದ್ದ ಕೆಮ್ಮು, ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಫೆಬ್ರವರಿಯಲ್ಲಿ ಮನೆಮನೆಗೆ ಹೋಗುವ ನರ್ಸ್ ಸ್ಮಿಲ್ಯಾ ಬಂದಳು. ಒಳಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡಳು.

“ಅಜ್ಜಿ, ಮೊದ್ಲು ಆ ಕಿಟಕಿ ತೆಗೀರಿ.”

“ತೆಗೆದ್ರೆ ನನ್ನ ಹುಡುಗಿ ಸಾಯ್ತಾಳೆ. ನಿಂಗೇನಮ್ಮ, ಬರ್ತೀಯ, ಹೋಗ್ತೀಯ. ಮಕ್ಕಳಿದಾವಾ ನಿಂಗೆ?”

“ಇಲ್ಲ.”

“ಹಿಂಗೆ ಕುತ್ತಿಗೆ ಮುಚ್ಕೊಳ್ದೆ ಚಳೀಲಿ ತಿರುಗಿದ್ರೆ ಎಲ್ಲಿಂದ ಆಗ್ಬೇಕು!”

ಸ್ಮಿಲ್ಯಾ ನಕ್ಕುಬಿಟ್ಟಳು. ಆಮೇಲೆ ಅಜ್ಜಿಯ ಪಕ್ಕದಲ್ಲೇ ಕೂತು ಹೇಳಿದಳು: “ಇದು ಕ್ಷಯ ಇರಬಹುದು ಅಜ್ಜಿ. ರೋಗ ಇರೋರು ಕೆಮ್ಮಿದ್ರೆ ಕ್ರಿಮಿ ಗಾಳೀಲಿ ತೇಲ್ತಾ ಇರುತ್ತೆ. ಎಲ್ಲ ಮುಚ್ಚಿಟ್ರೆ ಅದು ಎಲ್ಲಿಗೆ ಹೋಗ್ಬೇಕು ಹೇಳಿ? ಮಿಕ್ಕೋರು ಅದನ್ನೇ ಉಸಿರಾಡ್ತಾರೆ. ಕಿಟಕಿ ತೆಗೀರಿ, ಕೆಮ್ಮೋವಾಗ ಬಾಯಿಗೆ ಬಟ್ಟೆ ಹಿಡೀರಿ. ಮನೆಯೋರೆಲ್ಲ ಬಂದು ಎಕ್ಸ್‌ರೇ ತೆಗೆಸ್ಕೊಳ್ಳಿ.”

“ಆ ಹೆಸರು ಈ ಮನೇಲಿ ಎತ್ತಬೇಡ. ಮದುವೆ ಹುಡುಗಿ ಇದ್ದಾಳೆ. ಇದು ಬರೀ ಗಾಳಿ ತಾಗಿದ್ದು.”

ಆದರೂ ಬಂದವಳನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅಜ್ಜಿ ಅವಳಿಗೆ ಒಂದು ಚಮಚ ಚೆರ್ರಿ ಪಾಕ, ಒಂದು ಲೋಟ ನೀರು ಕೊಟ್ಟು, ನಂತರ ಮರ್ಯಾದೆಯಿಂದ ಹೊರಗೆ ಅಟ್ಟಿದಳು.

ಈಸ್ಟರ್ ಹಬ್ಬದ ವಾರ ದೆಸಾಂಕಾ ನೇಯುತ್ತಿದ್ದ ಬಿಳಿ ಉಣ್ಣೆಯ ಮೇಲೆ ರಕ್ತ ಬಿತ್ತು. ಆಗ ಎಲ್ಲರೂ ಆಸ್ಪತ್ರೆಗೆ ಓಡಿದೆವು, ಮನೆಯವರೆಲ್ಲರ ಎಕ್ಸ್‌ರೇ ತೆಗೆದರು. ಅವಳ ಎರಡೂ ಶ್ವಾಸಕೋಶ ಹಾಳಾಗಿದ್ದವು. ಡಾಕ್ಟರು ಇನ್ನೊಂದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ ಕೇಳಿದರು: “ಅಜ್ಜಿ, ನಿಮ್ಮ ಕೆಮ್ಮು ಎಷ್ಟು ವರ್ಷದ್ದು?”

“ಇದಾ? ಇದು ಮುದುಕೀರ ಕೆಮ್ಮು ಸ್ವಾಮಿ.”

“ರೋಗ ಮೊದಲಿಂದ ಇದ್ದದ್ದು ನಿಮ್ಮಲ್ಲಿ. ಹುಡುಗಿಗೆ ಬಂದಿರೋದು ನಿಮ್ಮಿಂದಲೇ.”

ಜೂನ್‌ನಲ್ಲಿ ದೆಸಾಂಕಾ ಕ್ಷಯರೋಗಿಗಳ ಆರೋಗ್ಯಧಾಮದಲ್ಲಿ ತೀರಿಕೊಂಡಳು. ಬೇಗ ಬಂದಿದ್ದರೆ ಉಳಿಯುತ್ತಿದ್ದಳು ಎಂದರು ಡಾಕ್ಟರು.

ಮಣ್ಣು ಮಾಡಿ ಬಂದ ದಿನವೇ ಅಜ್ಜಿ ಉಗುರಿನಿಂದ ಕಿಟಕಿಯ ಕಾಗದ ಕಿತ್ತಳು. ತನ್ನ ಹಾಸಿಗೆಯನ್ನು ಜಗಲಿಗೆ ಎಳೆದುಕೊಂಡಳು.

“ಒಳಗೆ ಬನ್ನಿ ಅತ್ತೆ,” ಎಂದು ಅಮ್ಮ ಗೋಗರೆದಳು. “ಸೊಸೆ ಹೊರಗೆ ಹಾಕಿದ್ಲು ಅಂತ ಊರು ಆಡ್ಕೊಳ್ಳುತ್ತೆ.”

“ಆಡ್ಕೊಳ್ಳಲಿ. ಊರಿನ ಬಾಯಿಗೆ ಹೆದರಿಯೇ ಒಬ್ಳನ್ನ ಕಳ್ಕೊಂಡೆ.”

ಮನೆಯಲ್ಲಿ ಅಣ್ಣನ ಮಗಳು ಯೆಲಿತ್ಸಾ ಇದ್ದಳು, ಒಂದೂವರೆ ವರ್ಷದ ಕೂಸು. ಅವಳಿಗೆ ರೋಗ ತಗುಲಿರಲಿಲ್ಲ. ಎರಡೂ ಕೈ ಚಾಚಿ ಮುತ್ತಜ್ಜಿಯ ಹತ್ತಿರ ತಪ್ಪುಹೆಜ್ಜೆ ಇಟ್ಟು ಓಡುತ್ತಿದ್ದಳು. ಅಜ್ಜಿ ಸೆರಗಿನಂತೆ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕೂಗುತ್ತಿದ್ದಳು: “ಅಲ್ಲೇ ನಿಲ್ಲು ಚಿನ್ನ! ಯಾರಾದ್ರೂ ಹಿಡ್ಕೊಳ್ರೇ ಇವಳನ್ನ!” ಮಗು ಅಳುತ್ತಿತ್ತು. ಅಜ್ಜಿಯೂ ಅಳುತ್ತಿದ್ದಳು. ಮೂರು ಚಳಿಗಾಲ, ತಾನು ಸಾಯುವವರೆಗೂ, ಔಷಧಿ ನುಂಗುತ್ತಾ, ಅವಳು ಆ ಮಗುವನ್ನು ಮುಟ್ಟಲಿಲ್ಲ.

ಯೆಲಿತ್ಸಾಗೆ ಈಗ ಎಪ್ಪತ್ತು ದಾಟಿದೆ, ಮೊಮ್ಮಕ್ಕಳ ಅಜ್ಜಿ. ಮುತ್ತಜ್ಜಿ ತನ್ನನ್ನು ಎತ್ತಿಕೊಂಡ ನೆನಪೇ ಇಲ್ಲ, ಬಹಳ ಕಲ್ಲು ಮನಸ್ಸಿನ ಹೆಂಗಸು ಎಂದು ನನ್ನ ಹತ್ತಿರ ಈಗಲೂ ದೂರುತ್ತಾಳೆ. ನಾನು ಅವಳ ಬಿಳಿಗೂದಲನ್ನು ನೇವರಿಸುತ್ತೇನೆ.